ಮೂವತ್ತು ಮನೆಯ ಮಜರೆಗೆ ಸೇತುವೆ ದುಡ್ಡು ಯಾಕೆ ಬರುವುದಿಲ್ಲ?

ಅಂಕೋಲಾ ಕಡೆಯ ಮೂವತ್ತು ಮನೆಗಳ ಮಜರೆ, ನಡುವೆ ಹಳ್ಳ, ಹತ್ತು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ, ಗ್ರಾಮೀಣ ರಸ್ತೆಗೆ ಕೇಂದ್ರ ಕೊಡುವ ಸಾವಿರಾರು ಕೋಟಿ ನಮ್ಮ ತನಕ ಯಾಕೆ ಬರುವುದಿಲ್ಲ ಎಂದು ಕೇಳಿದ್ದೀರಿ.

ನಾನು ಶಿರಸಿ ತಾಲೂಕಿನ ಘಟ್ಟದಂಚಿನವನು. ಮೇ ಕೊನೆಗೆ ನಮ್ಮಲ್ಲಿ ಊರವರೆಲ್ಲ ಸೇರಿ ಹಳ್ಳಕ್ಕೆ ಸಂಕ, ಅಂದರೆ ಮರದ ಕಾಲುಸೇತುವೆ, ಹಾಕುತ್ತೇವೆ. ಉದ್ದಕ್ಕೆ ಅಡಿಕೆ ಮರ, ಮೇಲೆ ಮರ ಸೀಳಿದ ದಬ್ಬೆ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಆಷಾಢದ ಹೊತ್ತಿಗೆ ದಬ್ಬೆಗೆ ಹಾವಸೆ ಹಿಡಿದು ಕಾಲು ನಿಲ್ಲುವುದಿಲ್ಲ. ಅತ್ತಿಗೆಗೆ ಹೆರಿಗೆ ನೋವು ಬಂದ ರಾತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಆ ಸಂಕದ ಮೇಲೆಯೇ ದಾಟಿಸಿದೆವು. ಮುಂದೆ ನಾನು, ಹಿಂದೆ ಅಣ್ಣ. ಅವನು ‘ನಿಧಾನ, ನಿಧಾನ’ ಅಂತ ಕೂಗುತ್ತಿದ್ದನಂತೆ. ಹಳ್ಳದ ಸದ್ದಿಗೆ ನನಗೊಂದೂ ಕೇಳಿಸಲಿಲ್ಲ.

ಈಗ ದುಡ್ಡಿನ ವಿಷಯ. ೨೦೦೦ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ತಲೆ ಎಣಿಸಿ ರಸ್ತೆ ಕೊಡುತ್ತದೆ. ಬಯಲುಸೀಮೆಯ ಲೆಕ್ಕ ೫೦೦ ಜನ, ಗುಡ್ಡಗಾಡಿಗೆ ೨೫೦. ಆದರೆ ಆ ಗುಡ್ಡಗಾಡಿನ ಪಟ್ಟಿಯಲ್ಲಿ ಇರುವುದು ಹಿಮಾಲಯದ, ಈಶಾನ್ಯದ ರಾಜ್ಯಗಳು. ನಮ್ಮ ಘಟ್ಟ ಇಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ೭೦,೧೨೫ ಕೋಟಿ ರೂಪಾಯಿಯ ನಾಲ್ಕನೇ ಹಂತಕ್ಕೆ ಒಪ್ಪಿಗೆ ಸಿಕ್ಕಾಗಲೂ ಇದೇ ಲೆಕ್ಕ, ಅದೂ ೨೦೧೧ರ ಜನಗಣತಿಯದು. ತೋಟಕ್ಕೊಂದು ಮನೆ ಇರುವ ನಮ್ಮಲ್ಲಿ ೫೦೦ ಜನ ಒಂದೇ ಕಡೆ ಎಲ್ಲಿಂದ ಸಿಗಬೇಕು? ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಒಂದು ದಾರಿ ಮಾತ್ರ ಇದೆ: ೫೦೦ ಮೀಟರಿನೊಳಗಿನ ಮಜರೆಗಳ ಜನರನ್ನು ಕೂಡಿಸಿ ಎಣಿಸಲು ನಿಯಮ ಬಿಡುತ್ತದೆ. ಅಕ್ಕಪಕ್ಕದ ಕೇರಿಗಳನ್ನು ಸೇರಿಸಿ ನೋಡಿ.

ಅದೂ ಆಗದಿದ್ದರೆ ರಾಜ್ಯದ ಬಾಗಿಲು. ಸೇತುವೆಗಳಿಗೆ ನಬಾರ್ಡ್ ಎಂಬ ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕಿನ ಗ್ರಾಮೀಣ ಮೂಲಸೌಕರ್ಯ ನಿಧಿಯಿಂದ ರಾಜ್ಯ ಸರ್ಕಾರ ಸಾಲ ತರುತ್ತದೆ. ಮಕ್ಕಳು ಶಾಲೆಗೆ ಹಳ್ಳ ದಾಟುತ್ತಾರಾದರೆ ಕಾಲುಸಂಕಕ್ಕೆ ‘ಶಾಲಾ ಸಂಪರ್ಕ ಸೇತು’ ಹೆಸರಿನಲ್ಲಿ ಕೇಳಿ. ಅದಕ್ಕೂ ಮೊದಲು ನಿಮ್ಮ ದಾರಿ ಯಾರ ರಿಜಿಸ್ಟರಿನಲ್ಲಿದೆ ಎಂದು ಬರಹದಲ್ಲಿ ಪಡೆಯಿರಿ. ‘ಇದು ನಮ್ಮ ರಸ್ತೆಯಲ್ಲ’ ಎನ್ನುವ ಎರಡು ಕಚೇರಿಗಳ ನಡುವೆ ನಮ್ಮ ಅರ್ಜಿ ಮೂರು ವರ್ಷ ಓಡಾಡಿತು.

ಅರಣ್ಯದ ಜಾಗ ಎಂದು ವಾಪಸ್ ಕಳಿಸಿದರೆ ೨೦೦೬ರ ಅರಣ್ಯ ಹಕ್ಕು ಕಾಯ್ದೆಯ ೩(೨)ನೇ ಕಲಮು ತೋರಿಸಿ. ಗ್ರಾಮಸಭೆಯ ಶಿಫಾರಸು ಇದ್ದು, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವಾದರೆ, ಹೆಕ್ಟೇರಿಗೆ ೭೫ ಮರ ಮೀರದಿದ್ದರೆ ರಸ್ತೆಗೆ ಅವಕಾಶ ಇದೆ. ನಮ್ಮ ಗ್ರಾಮಸಭೆಯ ಠರಾವಿನಲ್ಲಿ ಈ ಕಲಮಿನ ಉಲ್ಲೇಖವೇ ಇರಲಿಲ್ಲ, ಮತ್ತೊಮ್ಮೆ ಸಭೆ ಕರೆಯಬೇಕಾಯಿತು. ನೀವು ಮೊದಲೇ ಬರೆಸಿ.

ಇನ್ನೊಂದು. ಎಸ್ಟಿಮೇಟಿಗೆ ಇಂಜಿನಿಯರು ಬರುವುದು ಬೇಸಿಗೆಯಲ್ಲಿ, ಹಳ್ಳದಲ್ಲಿ ಮೊಣಕಾಲು ನೀರೂ ಇಲ್ಲದಾಗ. ೨೦೨೧ರ ಜುಲೈನಲ್ಲಿ ಗಂಗಾವಳಿ ನದಿ ಗುಳ್ಳಾಪುರದ ಸೇತುವೆಯನ್ನೇ ಎಳೆದುಕೊಂಡು ಹೋದದ್ದನ್ನು ನಿಮ್ಮ ಕಡೆಯವರು ಮರೆತಿರಲಿಕ್ಕಿಲ್ಲ. ಈ ಮಳೆಗಾಲದಲ್ಲಿ ನೀರು ಏರಿದ ದಿನವೇ ದಡದ ಮರಕ್ಕೆ ಬಣ್ಣದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು ಫೋಟೊ ತೆಗೆದಿಡಿ. ಅವರು ಟೇಪು ಹಿಡಿದು ಬಂದಾಗ ಆ ಗೆರೆಯಿಂದಲೇ ಅಳೆಯಿಸಿ.