ಕೋಡಿಂಗ್‌ಗಾಗಿ ಮೀಡಿಯಂ ಬದಲಿಸಬೇಕಾ?

ಅಕ್ಕಾ, ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದಿಂದ ನೀವು ಬರೆದ ಪತ್ರ ಸಿಕ್ಕಿತು. ಮಗಳು ಕನ್ನಡ ಮೀಡಿಯಂನಲ್ಲಿ ಒಂಬತ್ತನೇ ಕ್ಲಾಸು, ಕಂಪ್ಯೂಟರ್ ಅಂದರೆ ಜೀವ, ಕೋಡಿಂಗ್ ಸ್ಪರ್ಧೆಗೆ ಹೋಗಬೇಕೆಂದು ಹಟ. ಸಂಬಂಧಿಕರೊಬ್ಬರು "ಇಂಗ್ಲಿಷ್ ಮೀಡಿಯಂಗೆ ಹಾಕದಿದ್ದರೆ ಆಗುವುದೇ ಇಲ್ಲ" ಅಂದಿದ್ದಾರೆ. ಇನ್ನೊಬ್ಬರು ದುಬಾರಿ ಆನ್‌ಲೈನ್ ಕ್ಲಾಸಿನ ಫೋನ್ ನಂಬರ್ ಕೊಟ್ಟಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಎರಡೂ ಬೇಡ. ಸದ್ಯಕ್ಕಂತೂ ಬೇಡ.

ಆ ಕ್ಲಾಸಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ನನ್ನ ತಂಗಿಯ ಮಗನಿಗೆ ಅಂಥದ್ದೇ ಒಂದಕ್ಕೆ ನಾನೇ ದುಡ್ಡು ಕಟ್ಟಿದ್ದೆ. ಮೂರು ತಿಂಗಳು ಅವರು ತೋರಿಸಿದ್ದನ್ನು ನೋಡಿಕೊಂಡು ಹಾಗೇ ಟೈಪ್ ಮಾಡಿದ, ಕೊನೆಗೆ ಬಣ್ಣದ ಸರ್ಟಿಫಿಕೇಟ್ ಬಂತು. ಸ್ವಂತವಾಗಿ ನಾಲ್ಕು ಸಾಲು ಬರಿ ಅಂದರೆ ನನ್ನ ಮುಖ ನೋಡಿದ.

ಇನ್ನು ಇಂಗ್ಲಿಷ್. ಕಂಪ್ಯೂಟರಿಗೆ ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಂ ಬರೆಯಲು ಬಳಸುವ ಒಂದು ಭಾಷೆ ಪೈಥಾನ್. ಅದರಲ್ಲಿ ಕಾಯ್ದಿರಿಸಿದ, ಅಂದರೆ ಬೇರೆ ಅರ್ಥಕ್ಕೆ ಬಳಸುವಂತಿಲ್ಲದ ಇಂಗ್ಲಿಷ್ ಪದಗಳು ಮೂವತ್ತೈದರ ಆಸುಪಾಸು, ಅಷ್ಟೇ. ಇಫ್, ಫಾರ್, ವೈಲ್ ಅಂಥವು. ನಾವು ಕೊಡುವ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, 'ತೂಕ', 'ಬೆಲೆ' ಅಂತ ಬರೆದರೂ ಅದು ಗೊಣಗುವುದಿಲ್ಲ. ಕನ್ನಡ ಅಂಕಿಯಲ್ಲಿ ೧೨ ಅಂತ ಟೈಪ್ ಮಾಡಿ, ಬರೆದದ್ದನ್ನು ಸಂಖ್ಯೆಯಾಗಿ ಓದುವ 'ಇಂಟ್' ಅನ್ನುವ ಆಜ್ಞೆಗೆ ಕೊಟ್ಟರೆ ಹನ್ನೆರಡು ಅಂತಲೇ ಓದಿಕೊಳ್ಳುತ್ತದೆ. ಪ್ರಪಂಚದ ಹೈಸ್ಕೂಲ್ ಮಕ್ಕಳ ಹೆಸರುವಾಸಿ ಪ್ರೋಗ್ರಾಮಿಂಗ್ ಸ್ಪರ್ಧೆ, 1989ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್. ಅದರಲ್ಲೂ ಆಯಾ ದೇಶದ ತಂಡದ ಜೊತೆ ಹೋದ ಹಿರಿಯರು ಕೂತು ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದ ಮಾಡಿ ಕೊಡುತ್ತಾರೆ. ಅಲ್ಲಿ ಇಲ್ಲದ ನಾಚಿಕೆ ನಮಗೇಕೆ ಅಲ್ವಾ?

ನಿಜವಾದ ಕಷ್ಟ ಬೇರೆ ಕಡೆ ಇದೆ. ಒಂದು ಉದಾಹರಣೆ ನೋಡಿ. ಅಡಿಕೆ ಪೇಟೆಗೆ ಹೊರಟಿದೆ, ಆಟೋದಲ್ಲಿ ಇನ್ನು 100 ಕಿಲೋಗೆ ಮಾತ್ರ ಜಾಗ. ಅಂಗಳದಲ್ಲಿ ನಾಲ್ಕು ಮೂಟೆ: 70, 55, 45, 20 ಕಿಲೋ. ಮೂಟೆ ಒಡೆಯುವ ಹಾಗಿಲ್ಲ, ಆದಷ್ಟು ಜಾಸ್ತಿ ತೂಕ ಹೋಗಬೇಕು. ನಾವು ನೀವಾದರೆ ದೊಡ್ಡದನ್ನು ಮೊದಲು ಎತ್ತಿಡುತ್ತೇವೆ. 70 ಹಾಕಿದ ಮೇಲೆ 20 ಮಾತ್ರ ಹಿಡಿಯುತ್ತದೆ, ಒಟ್ಟು 90. ದೊಡ್ಡದನ್ನು ಬಿಟ್ಟು 55 ಮತ್ತು 45 ಹಾಕಿದ್ದರೆ ಸರಿಯಾಗಿ 100! ಸರಿ, ಎಲ್ಲ ಜೋಡಣೆಗಳನ್ನೂ ಹಾಕಿ ನೋಡಿದರಾಯಿತು ಅನ್ನುತ್ತಾಳೆ ಮಗಳು. ನಾಲ್ಕು ಮೂಟೆಗೆ 16 ಜೋಡಣೆ, ಆಗುತ್ತದೆ. ಮೂವತ್ತು ಮೂಟೆಗೆ 107 ಕೋಟಿ ದಾಟುತ್ತದೆ, ಆಗ ಏನು ಮಾಡುತ್ತೀ ಅಂತ ಕೇಳಿ. ಸ್ಪರ್ಧೆಯಲ್ಲಿ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಸರಿ ಉತ್ತರ ಬಂದರೆ ಸಾಲದು, ಒಂದೆರಡು ಸೆಕೆಂಡಿನೊಳಗೆ ಬರಬೇಕು. ಅದಕ್ಕೆ ಬೇಕಾದ ಉಪಾಯ ಹೊಳೆಯುವುದು ಕೀಬೋರ್ಡಿನ ಮುಂದೆ ಅಲ್ಲ, ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಗೀಚುವಾಗ.

ಹಾಗಾಗಿ ಮೊದಲು ಬೆಬ್ರಾಸ್ ಬರೆಯಲಿ. 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದ ಸ್ಪರ್ಧೆ ಇದು, ಅವರ ಭಾಷೆಯಲ್ಲಿ ಬೆಬ್ರಾಸ್ ಅಂದರೆ ಬೀವರ್, ಹಲ್ಲಿನಿಂದ ಮರ ಕಡಿದು ತೊರೆಗೆ ಅಣೆಕಟ್ಟು ಕಟ್ಟುವ ಪ್ರಾಣಿ. ಬರೀ ಒಗಟಿನಂಥ ಪ್ರಶ್ನೆಗಳು, ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಭಾರತದಲ್ಲಿ ಇದನ್ನು ನಡೆಸುವುದು ಸಿಎಸ್‌ಪಾಠಶಾಲಾ ಅನ್ನುವ ಕಂಪ್ಯೂಟರ್ ಶಿಕ್ಷಣದ ಯೋಜನೆ, ಶುಲ್ಕ ಇಲ್ಲ. ಹೆಸರು ನೋಂದಾಯಿಸಬೇಕಾದವರು ಶಾಲೆಯವರು, ಅದಕ್ಕೇ ಟೀಚರ್ ಹತ್ತಿರ ನೀವೇ ಹೋಗಿ ಮಾತಾಡಿ, ಸುಮ್ನೆ ಕೂತರೆ ಆಗುವುದಿಲ್ಲ.

ಅದಾದ ಮೇಲೆ ಇಂಡಿಯನ್ ಕಂಪ್ಯೂಟಿಂಗ್ ಒಲಿಂಪಿಯಾಡ್, ಮೇಲೆ ಹೇಳಿದ ಅಂತರರಾಷ್ಟ್ರೀಯ ಒಲಿಂಪಿಯಾಡಿಗೆ ನಮ್ಮ ತಂಡವನ್ನು ಆರಿಸುವ ಸ್ಪರ್ಧೆ. ಇದರ ಮೊದಲ ಹಂತಕ್ಕೆ ಎರಡು ಬಾಗಿಲು. ಒಂದರಲ್ಲಿ ಪ್ರೋಗ್ರಾಂ ಬರೆಯಬೇಕು. ಇನ್ನೊಂದು ಝಡ್‌ಐಒ (ಝೋನಲ್ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್), ಅದು ಕಾಗದ ಪೆನ್ಸಿಲಿನ ಪರೀಕ್ಷೆಯಾಗಿ ಬಂದದ್ದು, ಲೆಕ್ಕ ಹಾಕಿ ಉತ್ತರ ಬರೆದರೆ ಸಾಕು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮಗುವಿಗೂ ಇದು ದಾರಿ. ಪ್ರಶ್ನೆ ಇಂಗ್ಲಿಷಿನಲ್ಲೇ ಇರುತ್ತದೆ, ನಿಜ. ಹಳೇ ಪತ್ರಿಕೆಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ನಾಲ್ಕೈದು ಬಿಡಿಸುವಷ್ಟರಲ್ಲಿ ಅದರ ಭಾಷೆ ರೂಢಿಯಾಗುತ್ತದೆ. ಅಮೆರಿಕದ ಕಂಪ್ಯೂಟಿಂಗ್ ಒಲಿಂಪಿಯಾಡ್ ಯುಎಸ್‌ಎಸಿಒ ಕೂಡ ಹೊರದೇಶದವರಿಗೆ ತೆರೆದಿದೆ, ಕೆಳಗಿನ ಬ್ರಾಂಜ್ ಮೆಟ್ಟಿಲಿಂದ ಹತ್ತಬೇಕು. ಅದು ಮುಂದಿನ ಮಾತು.

ಶಾಲೆಯಲ್ಲೇ ಇರುವುದನ್ನು ಮರೆಯಬೇಡಿ. ಕೇರಳದ ಸರಕಾರಿ ಮತ್ತು ಅನುದಾನಿತ ಹೈಸ್ಕೂಲುಗಳ ಲ್ಯಾಬಿನಲ್ಲಿರುವುದು ವಿಂಡೋಸ್ ಬದಲಿಗೆ ಬಳಸುವ ಉಬುಂಟು ಆಧಾರಿತ ಸ್ವತಂತ್ರ ಸಾಫ್ಟ್‌ವೇರ್, ಪೈಥಾನ್ ಅದರೊಳಗೇ ಇದೆ, ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಯಾರೂ ದುಡ್ಡು ಕೇಳುವುದಿಲ್ಲ. ಉಪಜಿಲ್ಲಾ ಮಟ್ಟದ ಐಟಿ ಮೇಳದಲ್ಲಿ ಪ್ರೋಗ್ರಾಮಿಂಗ್ ಸ್ಪರ್ಧೆ ಇರುತ್ತದೆ, ಮೊದಲ ಸಲ ಸೋತು ಬರಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. 2018ರಲ್ಲಿ ಶುರುವಾದ, ಕೇರಳದ ಹೈಸ್ಕೂಲುಗಳ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ಗೆ ಎಂಟನೇ ಕ್ಲಾಸಿನಲ್ಲೇ ಪರೀಕ್ಷೆ ಬರೆದು ಸೇರಬೇಕು, ಮಗಳಿಗೆ ಆ ಬಸ್ಸು ತಪ್ಪಿದೆ. ಏಳರಲ್ಲಿರುವ ತಮ್ಮನಿಗೆ ತಪ್ಪದ ಹಾಗೆ ನೋಡಿಕೊಳ್ಳಿ.

ಒಂದು ವೇಳೆ ಸ್ಪರ್ಧೆ ಹಿಡಿಸದಿದ್ದರೆ ಬಿಟ್ಟುಬಿಡಲಿ. ಗಡಿಯಾರ ಮುಂದಿಟ್ಟರೆ ಕೈ ನಡುಗುವ ಮಕ್ಕಳು ಮನೆಯಲ್ಲಿ ಕೂತು ಚೆಂದದ ಪ್ರೋಗ್ರಾಂ ಬರೆಯುವುದನ್ನು ನೋಡಿದ್ದೇನೆ.

ಈ ವಾರ ಮಗಳಿಗೊಂದು ಕೆಲಸ. ಪೈಥಾನ್‌ನಲ್ಲಿ ಉದ್ದ ಎಣಿಸುವ 'ಲೆನ್' ಅನ್ನುವ ಆಜ್ಞೆಗೆ 'ಕನ್ನಡ' ಅನ್ನುವ ಪದ ಕೊಟ್ಟು, ಎಷ್ಟು ಅಕ್ಷರ ಅಂತ ಕೇಳಲಿ. ನಮ್ಮ ಲೆಕ್ಕದಲ್ಲಿ ಮೂರು, ಅದು 5 ಅನ್ನುತ್ತದೆ. ಯಾಕೆ ಅಂತ ಅವಳೇ ಕಂಡುಹಿಡಿದು ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

– ಸಂಪಾದಕ