ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಕ್ಷೇತ್ರಕಾರ್ಯಕ್ಕೆ ಹಳ್ಳಿಯ ಸರ್ಕಾರಿ ಶಾಲೆ ಸಿಕ್ಕರೆ ಅಲ್ಲಿ ಮಾಡುವುದೇನು?

ಶಿಕ್ಷಕರ ಕೊರತೆ ಇರುವ ಶಾಲೆಯಾದರೆ ನಿಮಗೊಂದು ತರಗತಿ ವಹಿಸಿಬಿಡುವ ಸಾಧ್ಯತೆ ಹೆಚ್ಚು. ನಯವಾಗಿ ನಿರಾಕರಿಸಿ. ನಿಮ್ಮ ಕೆಲಸ ಶುರುವಾಗುವುದು ಹಾಜರಿ ಪುಸ್ತಕದಿಂದ.

ರಾಯಚೂರು, ಯಾದಗಿರಿ ಕಡೆ ಅನೇಕ ಕುಟುಂಬಗಳು ಕೂಲಿ ಅರಸಿ ಬೆಂಗಳೂರಿನಂಥ ಊರುಗಳಿಗೆ ಗುಳೆ ಹೋಗುತ್ತವೆ, ಮಕ್ಕಳೂ ಜತೆಗೆ. ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋಗುವ ಮಕ್ಕಳೂ ಉಂಟು. ಯಾರು ಯಾವ ತಿಂಗಳಿಂದ ಬರುತ್ತಿಲ್ಲ ಎಂದು ಪಟ್ಟಿ ಮಾಡಿ, ಮನೆಗೆ ಹೋಗಿ. ಹೋಗುವುದಾದರೆ ಸಂಜೆಯೇ ಹೋಗಿ, ಹಗಲಲ್ಲಿ ಬೀಗ ನೋಡಿ ಬರಬೇಕಾದೀತು. ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ, ಹಾಸ್ಟೆಲ್ ಸಿಗುತ್ತದೆಯೇ ಎಂಬ ಮಾತುಕತೆ ಗುಳೆಗೆ ಮುಂಚೆಯೇ ಆಗಬೇಕು. ಬಸ್ ಹತ್ತಿದ ಮೇಲೆ ಪ್ರಯೋಜನವಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ಪೋಷಕರ ನೆರವು ಪಡೆಯಿರಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಒಬ್ಬರೇ ಜಗಳಕ್ಕಿಳಿಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನಿಮ್ಮ ಮೇಲ್ವಿಚಾರಕರಿಗೂ ತಿಳಿಸಿ. ವರದಿಯಲ್ಲಿ ಮಗುವಿನ ಹೆಸರು ಬೇಡ.

ಜಾಥಾ, ಬ್ಯಾನರು, ಗುಂಪು ಫೋಟೊಗಳಿಗೆ ನಮ್ಮ ವಿಭಾಗಗಳಲ್ಲಿ ಸುಲಭವಾಗಿ ಅಂಕ ಸಿಗುತ್ತದೆ, ನಿಜ. ಆದರೂ ವಾರಕ್ಕೆ ಎರಡು ದಿನ ಹೋಗುವವರು ನಾಲ್ಕೈದು ಮನೆಗಳ ಬೆನ್ನು ಬಿಡದಿರುವುದು ಅದಕ್ಕಿಂತ ಹೆಚ್ಚಿನ ಕೆಲಸ. ಹೊರಡುವಾಗ ಆ ಮನೆಗಳ ಟಿಪ್ಪಣಿಯನ್ನು ಮುಂದಿನ ತಂಡಕ್ಕೆ ಒಪ್ಪಿಸಿ.