ಸೊಳ್ಳೆ ಕಚ್ಚಿದ ತುರಿಕೆಯನ್ನು ಕೆರೆಯದೆ ತಗ್ಗಿಸುವುದು ಹೇಗೆ?

ಮಳೆಗಾಲದ ಹೊತ್ತಿಗೆ ಉಡುಪಿಗೆ ವರ್ಗವಾಗಿ ಬಂದ ನಿಮಗೂ ನಿಮ್ಮ ಮಗುವಿಗೂ ಸೊಳ್ಳೆ ಕಚ್ಚಿದಲ್ಲೆಲ್ಲ ಕೆರೆದು ಹುಣ್ಣಾಗುತ್ತಿದೆ, ಕೆರೆಯದೆ ತುರಿಕೆ ನಿಲ್ಲಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಅಡಿಕೆ ತೋಟದ ಪಕ್ಕದ ಮನೆಯಲ್ಲಿ ಬೆಳೆದವನು. ಉದುರಿದ ಹಾಳೆಯಲ್ಲಿ ನಿಂತ ನೀರು ಸೊಳ್ಳೆಗಳಿಗೆ ತೊಟ್ಟಿಲಾಗುವ ಊರಿನಲ್ಲಿ ಈ ತುರಿಕೆಯ ಪರಿಚಯ ಎಲ್ಲರಿಗೂ ಇರುತ್ತದೆ.

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಹೀರುವಾಗ ರಕ್ತ ಹೆಪ್ಪುಗಟ್ಟದಿರಲೆಂದು ಅದು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಆ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಪರಕೀಯವೆಂದು ಗುರುತಿಸುವ ನಮ್ಮ ದೇಹವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವುದರಿಂದ ದದ್ದು ಏಳುತ್ತದೆ, ತುರಿಕೆ ಹುಟ್ಟುತ್ತದೆ. ಕೆರೆದಾಗ ಉಂಟಾಗುವ ಸಣ್ಣ ನೋವು ತುರಿಕೆಯನ್ನು ಕ್ಷಣಕಾಲ ಮರೆಸುವುದು ನಿಜ. ಆದರೆ 2025ರ ಆರಂಭದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಅಧ್ಯಯನವೊಂದು, ನೋವನ್ನು ಅರಿಯುವ ನರಗಳು ಕೆರೆತದಿಂದ ಕೆರಳಿ, ಹಿಸ್ಟಮಿನ್ ಹೊರಸೂಸುವ ಅದೇ ಕೋಶಗಳನ್ನು ಮತ್ತೆ ಪ್ರಚೋದಿಸುತ್ತವೆ ಎಂದು ತೋರಿಸಿತು. ಕೊರಳಿಗೆ ಪಟ್ಟಿ ತೊಡಿಸಿ ಕೆರೆಯಲಾಗದಂತೆ ಮಾಡಿದ ಇಲಿಗಳಲ್ಲಿ ಊತವೂ ಕಡಿಮೆಯಿತ್ತು. ಆದ್ದರಿಂದ ಮನಸ್ಸನ್ನು ಬಿಗಿಹಿಡಿಯುವುದಕ್ಕಿಂತ ಚರ್ಮವನ್ನು ಬೇಗ ತಣಿಸುವುದೇ ಸುಲಭದ ದಾರಿ.

ಮೊದಲು ಸಾಬೂನು ಹಾಕಿ ತೊಳೆಯಿರಿ. ಬಳಿಕ ಮಂಜುಗಡ್ಡೆಯನ್ನು ತೆಳುವಾದ ಬೈರಾಸಿನಲ್ಲಿ ಸುತ್ತಿ ಸುಮಾರು 10 ನಿಮಿಷ ಒತ್ತಿ ಹಿಡಿಯಿರಿ. ತಂಪು ನರಗಳನ್ನು ಮಂಕಾಗಿಸುತ್ತದೆ, ಊತವನ್ನೂ ತಗ್ಗಿಸುತ್ತದೆ; ನನ್ನ ಮಟ್ಟಿಗೆ ಇದಕ್ಕಿಂತ ಮೇಲಾದ ಮದ್ದಿಲ್ಲ. ಮಂಜುಗಡ್ಡೆ ಸಿಗದ ಕಡೆ ಉಗುರಿನ ಬದಲು ಅಂಗೈಯಿಂದ ಒತ್ತಬಹುದು ಅಥವಾ ಮೆಲ್ಲನೆ ತಟ್ಟಬಹುದು. ಅಡುಗೆ ಸೋಡಾ ಮನೆಯಲ್ಲಿದ್ದರೆ ಒಂದು ದೊಡ್ಡ ಚಮಚದಷ್ಟನ್ನು ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, 10 ನಿಮಿಷ ಬಿಟ್ಟು ತೊಳೆದುಬಿಡಿ.

ಔಷಧದ ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ನಮ್ಮ ಬೆವರಿನ ಹವೆಗೆ ಹೊಂದುತ್ತದೆ, ಏಕೆಂದರೆ ಅದು ಒಣಗಿ ಪುಡಿಯಂತೆ ನಿಲ್ಲುತ್ತದೆ. ಆದರೆ ಈಗಾಗಲೇ ಹುಣ್ಣಾದ ಜಾಗಕ್ಕೆ ಅದನ್ನು ಹಚ್ಚಬೇಡಿ. ಊತ ಹೆಚ್ಚಿದ್ದರೆ ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಮುಲಾಮು ಕೆಲವೇ ದಿನಗಳ ಮಟ್ಟಿಗೆ ಸಾಕು. ಅಂಗಡಿಯವರು ಕೊಟ್ಟರೆಂದು ಅದಕ್ಕಿಂತ ಪ್ರಬಲವಾದ ಸ್ಟೀರಾಯ್ಡ್ ಮುಲಾಮುಗಳನ್ನು, ಅದರಲ್ಲೂ ಮಗುವಿಗೆ, ಹಚ್ಚಬಾರದು. ದೀರ್ಘ ಬಳಕೆಯಿಂದ ಚರ್ಮವೇ ತೆಳುವಾಗುತ್ತದೆ. ರಾತ್ರಿ ನಿದ್ದೆ ಕೆಡುವಷ್ಟು ತುರಿಕೆಯಿದ್ದರೆ ದೊಡ್ಡವರು ಸೆಟಿರಿಜಿನ್ 10 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುವುದುಂಟು. ಅದು ಕೆಲವರಿಗೆ ತೂಕಡಿಕೆ ತರುತ್ತದೆ. ಮಗುವಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ನೆರೆಹೊರೆಯವರ ಸಲಹೆಗಳೂ ನಿಮ್ಮ ಕಿವಿಗೆ ಬೀಳುತ್ತವೆ. ಅವುಗಳಲ್ಲಿ ಲಿಂಬೆ ರಸವನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ: ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಟೂತ್‌ಪೇಸ್ಟ್ ತಂಪೆನಿಸಿದರೂ ಉರಿ ತರಬಲ್ಲದು. ಬರಿಯ ತೆಂಗಿನೆಣ್ಣೆಯಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಆದರೆ ತುರಿಕೆ ನಿಲ್ಲುವ ಭರವಸೆಯೂ ಇಲ್ಲ. ಕರ್ಪೂರ ಬೆರೆಸಿದ ಎಣ್ಣೆಯನ್ನಂತೂ ಎಳೆಯ ಮಕ್ಕಳಿಗೆ ಹಚ್ಚಲೇಬೇಡಿ.

ಮಗು ನಿದ್ದೆಯಲ್ಲಿ ಕೆರೆಯುವುದನ್ನು ಮಾತಿನಿಂದ ತಡೆಯಲಾಗದು. ಉಗುರನ್ನು ಗಿಡ್ಡವಾಗಿ ಕತ್ತರಿಸಿ, ಕೈಕಾಲು ಮುಚ್ಚುವ ತೆಳುವಾದ ಹತ್ತಿ ಬಟ್ಟೆ ತೊಡಿಸಿ, ಸೊಳ್ಳೆಪರದೆಯೊಳಗೆ ಮಲಗಿಸಿರಿ.

ಕಚ್ಚಿದ ಜಾಗದ ಸುತ್ತ ಕೆಂಪು ಹರಡುತ್ತ ಹೋದರೆ, ಬಿಸಿಯಾಗಿ ಕೀವು ಕಂಡರೆ ಅದು ಸೋಂಕು, ವೈದ್ಯರಿಗೆ ತೋರಿಸಬೇಕು. ಕರಾವಳಿಗೆ ಹೊಸಬರಾದ ನಿಮಗೆ ಇನ್ನೊಂದು ವಿಷಯ ತಿಳಿದಿರಲಿ: ಮಂಗಳೂರು ಮಲೇರಿಯಾಕ್ಕೆ ಬಹುಕಾಲದಿಂದ ಹೆಸರಾದ ಊರು, ಡೆಂಗಿಯೂ ಇಲ್ಲಿ ಅಪರೂಪವಲ್ಲ. ಸೊಳ್ಳೆ ಕಚ್ಚಿದ ಬಳಿಕದ ವಾರಗಳಲ್ಲಿ ಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಿ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಮುಟ್ಟದಿರಿ.